ಹಿತ್ತಲ ಶೆಡ್ಡಿಗೆ ಎಳೆದ ಕರೆಂಟು: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ಮನೆಯ ಹಿಂದೆ ಕಾರು ನಿಲ್ಲಿಸಲು ಒಂದು ಶೆಡ್ಡು ಕಟ್ಟುತ್ತಾರೆ. ಸ್ವಲ್ಪ ದಿನಕ್ಕೆ ಅದರ ಮೂಲೆಗೆ ಗ್ರೈಂಡರ್ ಬರುತ್ತದೆ, ಆಮೇಲೆ ಡ್ರಿಲ್ಲಿಂಗ್ ಮೆಷಿನ್, ಮತ್ತೆ ಕಂಪ್ರೆಸರ್, ಕೊನೆಗೆ ವೆಲ್ಡಿಂಗ್ ಮೆಷಿನ್. ಕಾರು ಅಂಗಳಕ್ಕೆ ಬರುತ್ತದೆ. ವೈರು ಮಾತ್ರ ಒಂದು ಟ್ಯೂಬ್‌ಲೈಟಿಗೆಂದು ಮೊದಲು ಎಳೆದದ್ದೇ ಉಳಿದಿರುತ್ತದೆ. ಇಂಥ ಶೆಡ್ಡುಗಳಲ್ಲಿ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಆರುವ ಸ್ವಿಚ್) ಬೀಳುವುದು, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್) ಏರಿಸಿದರೂ ನಿಲ್ಲದಿರುವುದು, ಮೋಟಾರು ತಿರುಗದೆ ಗುಂಯ್‌ಗುಡುವುದು, ಮೆಷಿನ್ ಮುಟ್ಟಿದರೆ ಜುಮ್ಮೆನ್ನುವುದು ಎಲ್ಲವೂ ನಡೆಯುತ್ತವೆ. ಜನ ದೋಷವನ್ನು ಮೆಷಿನ್ನಿನಲ್ಲಿ ಹುಡುಕುತ್ತಾರೆ. ನಾನು ನೋಡಿದ ಮಟ್ಟಿಗೆ ಅದು ಹೆಚ್ಚಾಗಿ ಸಿಗುವುದು ಮನೆಯ ಡಿಬಿಗೂ (ಎಂಸಿಬಿಗಳಿರುವ ಮುಖ್ಯ ಪೆಟ್ಟಿಗೆ) ಶೆಡ್ಡಿನ ಬೋರ್ಡಿಗೂ ನಡುವಿನ ದಾರಿಯಲ್ಲಿ, ಅದರಲ್ಲೂ ಯಾರೂ ಲೆಕ್ಕಕ್ಕೆ ಇಡದ ನ್ಯೂಟ್ರಲ್ (ಕರೆಂಟು ವಾಪಸು ಹೋಗುವ) ಮತ್ತು ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ) ವೈರುಗಳಲ್ಲಿ.

ಇಲ್ಲಿ ಹೇಳುವುದು ಸಿಂಗಲ್ ಫೇಸ್ 230 ವೋಲ್ಟ್ ಸಂಪರ್ಕವಿರುವ, ತನ್ನದೇ ಅರ್ಥ್ ಗುಂಡಿ ಹೊಂದಿರುವ ಮನೆಗೆ. ಕರ್ನಾಟಕದ ಹಳ್ಳಿ ಮತ್ತು ಸಣ್ಣ ಊರುಗಳ ಹೆಚ್ಚಿನ ಮನೆಗಳು ಹೀಗೆಯೇ ಇವೆ. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಡಿಬಿಯಿಂದ ಶೆಡ್ಡಿಗೆ 35 ಮೀಟರ್, ಎಳೆದದ್ದು 2.5 ಚದರ ಮಿಲಿಮೀಟರ್ ತಾಮ್ರದ ವೈರು, ಮೇಲೆ 16 ಆಂಪ್ ಎಂಸಿಬಿ, ಶೆಡ್ಡಿನಲ್ಲಿ 2 ಎಚ್‌ಪಿ ಕಂಪ್ರೆಸರ್.

ಕೆಲಸದ ಹಂಚಿಕೆ ಮೊದಲೇ ಸ್ಪಷ್ಟವಿರಲಿ. ಪ್ಲಗ್ ಕಿತ್ತು ನೋಡುವುದು, ಸ್ವಿಚ್ ಇಳಿಸಿ ಏರಿಸಿ ಗಮನಿಸುವುದು, ಯಾವಾಗ ಬೀಳುತ್ತದೆ ಎಂದು ಬರೆದಿಡುವುದು ಮನೆಯವರು ಮಾಡಬಹುದಾದದ್ದು. ಡಿಬಿ ಮುಚ್ಚಳ ತೆಗೆಯುವುದು, ಕರೆಂಟು ಇರುವಾಗ ಟರ್ಮಿನಲ್ ಮೇಲೆ ಮೀಟರ್ ಕಡ್ಡಿ ಇಡುವುದು, ಮೆಗ್ಗರ್ (ವೈರಿನ ಹೊದಿಕೆಯ ತಡೆ ಅಳೆಯುವ ಉಪಕರಣ) ಹಾಕುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ಮೈನ್ ಇಳಿಸಿದ ಮೇಲೂ ಮುಟ್ಟುವ ಮುನ್ನ ಮೀಟರ್ ಹಿಡಿದು ಕರೆಂಟು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಮೈನ್ ಇಳಿಸಿದ್ದರಿಂದ ಎಲ್ಲ ವೈರೂ ಸತ್ತಿರುತ್ತದೆ ಎಂಬ ಭರವಸೆ ಇಲ್ಲ.

ಮೊದಲು ದಾರಿಯನ್ನು ಬರೆದುಕೊಳ್ಳಿ

ಶೆಡ್ಡಿನ ವೈರು ಎಲ್ಲಿಂದ ಹೊರಟಿದೆ ಎಂಬುದು ಅನೇಕ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಡಿಬಿಯಿಂದಲೇ ಬಂದಿದೆ ಎಂದು ಯಜಮಾನರು ಹೇಳುತ್ತಾರೆ. ಹಿಂಬಾಲಿಸಿ ಹೋದರೆ ಅದು ಬಚ್ಚಲುಮನೆಯ ಗೀಸರ್ ಪಾಯಿಂಟಿನ ಹಿಂದೆ ಮಾಯವಾಗುತ್ತದೆ. ಹಾಗಿದ್ದರೆ ಗೀಸರ್ ಮತ್ತು ಕಂಪ್ರೆಸರ್ ಒಂದೇ ವೈರಿನ ಮೇಲೆ ಕೂತಿವೆ, ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು.

ಒಂದು ಕಾಗದದ ಮೇಲೆ ಮೀಟರಿನಿಂದ ಶೆಡ್ಡಿನ ಕೊನೆಯ ಪ್ಲಗ್ಗಿನವರೆಗೆ ಗೆರೆ ಎಳೆಯಿರಿ. ಎಲ್ಲೆಲ್ಲಿ ಜಾಯಿಂಟ್ ಇದೆಯೋ ಅಲ್ಲಿ ಚುಕ್ಕೆ ಇಡಿ. ವೈರಿನ ಮೇಲೆ ಅಚ್ಚಾಗಿರುವ ಗಾತ್ರ, ತಾಮ್ರವೋ ಅಲ್ಯೂಮಿನಿಯಮ್ಮೋ, ಎಂಸಿಬಿಯ ಮೇಲೆ ಬರೆದಿರುವ ಅಕ್ಷರ ಮತ್ತು ಅಂಕೆ ಎಲ್ಲವನ್ನೂ ಗುರುತು ಮಾಡಿ. ಹಸಿರು ವೈರು ನಿಜವಾಗಿಯೂ ಮನೆಯ ಅರ್ಥ್ ಪಟ್ಟಿಯಿಂದ ಬಂದಿದೆಯೇ ಎಂದು ಹುಡುಕಿ. ಕೆಂಪು (ಫೇಸ್, ಕರೆಂಟು ಬರುವ ವೈರು) ಮತ್ತು ಕಪ್ಪು (ನ್ಯೂಟ್ರಲ್) ಎರಡನ್ನೇ ಎಳೆದು, ಶೆಡ್ಡಿನ ಪಕ್ಕ ಒಂದು ಕಬ್ಬಿಣದ ಸಲಾಕೆ ಹೊಡೆದು ಅದನ್ನೇ ಅರ್ಥ್ ಎಂದು ಕರೆದಿರುವ ಶೆಡ್ಡುಗಳು ಬೇಕಾದಷ್ಟಿವೆ.

ಮೋಟಾರು ಗುಂಯ್‌ಗುಡುತ್ತದೆ, ಎಂಸಿಬಿ ಬೀಳುತ್ತದೆ

“ಎಂಸಿಬಿ ಸಣ್ಣದಾಯಿತು ಯಜಮಾನರೇ, 32 ಆಂಪಿನದು ಹಾಕೋಣ.” ಈ ಮಾತು ಬಂದಾಗ ಬೇಡ ಎನ್ನಿ. ಎಂಸಿಬಿ ಇರುವುದು ವೈರನ್ನು ಕಾಯಲು. ನಿಯಮದ ಪ್ರಕಾರ ಅದು ತನ್ನ ಅಂಕೆಯ 1.13 ಪಟ್ಟು ಕರೆಂಟಿಗೆ ಒಂದು ಗಂಟೆಯೊಳಗೆ ಬೀಳಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ 32 ಆಂಪಿನದು 36 ಆಂಪನ್ನು ಗಂಟೆಗಟ್ಟಲೆ ಬಿಡುತ್ತದೆ, 46 ಆಂಪನ್ನೂ ಬಹಳ ಹೊತ್ತು ಸಹಿಸಿಕೊಳ್ಳಬಹುದು. ಪೈಪಿನೊಳಗೆ ಕೂತ 2.5ರ ವೈರು ಇಪ್ಪತ್ತರ ಆಸುಪಾಸಿನ ಆಂಪಿಗಷ್ಟೇ ತಕ್ಕದ್ದು. ಬೀಳುವುದು ನಿಲ್ಲುತ್ತದೆ, ವೈರು ಬೇಯಲು ಶುರುವಾಗುತ್ತದೆ.

ಮೊದಲು ಎಂಸಿಬಿಯ ಅಕ್ಷರ ನೋಡಿ. ಬಿ ಮಾದರಿಯದು ತನ್ನ ಅಂಕೆಯ 3ರಿಂದ 5 ಪಟ್ಟು ಕರೆಂಟಿಗೆ ತಟ್ಟನೆ ಬೀಳುತ್ತದೆ, ಸಿ ಮಾದರಿಯದು 5ರಿಂದ 10 ಪಟ್ಟಿಗೆ, ಡಿ ಮಾದರಿಯದು 10ರಿಂದ 20 ಪಟ್ಟಿಗೆ. ನಮ್ಮ 2 ಎಚ್‌ಪಿ ಮೋಟಾರು ಓಡುವಾಗ ಹತ್ತು ಹನ್ನೆರಡು ಆಂಪ್ ಎಳೆದರೂ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು, ಅಂದರೆ ಸುಮಾರು 60 ಆಂಪ್ ಎಳೆಯುತ್ತದೆ. ಬಿ 16 ಎಂಸಿಬಿ 48ರಿಂದ 80 ಆಂಪಿನ ನಡುವೆ ಬೀಳುವಂಥದು. ಹಾಗಾಗಿ ಸ್ವಿಚ್ ಹಾಕಿದ ಕೂಡಲೇ ಟಕ್ಕೆಂದು ಬಿದ್ದರೆ ಆಶ್ಚರ್ಯವಿಲ್ಲ. ಅದೇ 16 ಆಂಪಿನ ಸಿ ಹಾಕಿದರೆ ಸಾಕು.

ಇರುವುದು ಸಿ 16 ಆಗಿದ್ದು, ಮೋಟಾರು ಕೆಲವು ಸೆಕೆಂಡು ಏದುಸಿರು ಬಿಟ್ಟ ಮೇಲೆ ಎಂಸಿಬಿ ಬೀಳುತ್ತಿದೆಯೇ? ಆಗ ಕತೆ ಬೇರೆ. ಸಿ 16 ತಟ್ಟನೆ ಬೀಳಲು ಕನಿಷ್ಠ 80 ಆಂಪ್ ಬೇಕು. 60ಕ್ಕೆ ಅದು ಒಳಗಿನ ಪಟ್ಟಿ ಬಿಸಿಯಾಗಿ, ನಿಧಾನವಾಗಿ ಬೀಳುತ್ತದೆ. ಆರೋಗ್ಯವಂತ ಮೋಟಾರು ಅಷ್ಟು ಹೊತ್ತು 60 ಆಂಪ್ ಎಳೆಯುವುದಿಲ್ಲ, ಕ್ಷಣದಲ್ಲಿ ವೇಗ ಹಿಡಿದು ಇಳಿದುಬಿಡುತ್ತದೆ. ಇದು ವೇಗ ಹಿಡಿಯುತ್ತಿಲ್ಲ ಎಂದಾದರೆ ಮೋಟಾರಿಗೆ ಸಾಕಷ್ಟು ವೋಲ್ಟೇಜ್ ತಲುಪುತ್ತಿಲ್ಲ, ಅಥವಾ ಮೋಟಾರಿನಲ್ಲಿಯೇ ತೊಂದರೆ ಇದೆ.

ಬೇರ್ಪಡಿಸುವುದು ಹೀಗೆ. ಮೊದಲಿಗೆ ಮೀಟರು ಬೇಡದ ಒಂದು ಪರೀಕ್ಷೆ: ಕಂಪ್ರೆಸರ್ ಟ್ಯಾಂಕಿನ ತಳದ ಕೋಳಾಯಿ ತೆರೆದು ಗಾಳಿಯನ್ನೆಲ್ಲ ಬಿಟ್ಟು ಮತ್ತೆ ಹಾಕಿ. ಖಾಲಿ ಟ್ಯಾಂಕಿನಲ್ಲಿ ಸಲೀಸಾಗಿ ಹೊರಟು, ಗಾಳಿ ತುಂಬಿ ನಿಂತ ಮೇಲೆ ಎರಡನೆಯ ಸಲ ಹೊರಡಲು ಒದ್ದಾಡಿದರೆ, ನಿಂತಾಗ ಹೆಡ್ಡಿನ ಒತ್ತಡವನ್ನು ಹೊರಬಿಡಬೇಕಾದ ಅನ್‌ಲೋಡರ್ ವಾಲ್ವ್ ಅಥವಾ ಟ್ಯಾಂಕಿನ ಬಾಯಿಯ ಚೆಕ್ ವಾಲ್ವ್ ಕೆಟ್ಟಿರುವುದು ಬಹುಮಟ್ಟಿಗೆ ನಿಜ. ಆಫ್ ಆದ ಕೂಡಲೇ ಪ್ರೆಷರ್ ಸ್ವಿಚ್ಚಿನ ಬಳಿ “ಪುಸ್” ಎಂಬ ಸದ್ದು ಬರಬೇಕು. ಬಾರದಿದ್ದರೆ ಅನ್‌ಲೋಡರ್ ಕೈಕೊಟ್ಟಿದೆ. ವೈರಿಂಗ್ ಬಿಚ್ಚುವ ಮೊದಲು ಇದನ್ನು ನೋಡದವರು ಸುಮ್ಮನೆ ಗೋಡೆ ಒಡೆಸುತ್ತಾರೆ.

ಖಾಲಿ ಟ್ಯಾಂಕಿನಲ್ಲೂ ಒದ್ದಾಡಿದರೆ ವೋಲ್ಟೇಜ್ ಅಳೆಯಬೇಕು. ಇಲ್ಲಿ ಎಲ್ಲರೂ ಜಾರುವ ಜಾಗವೊಂದಿದೆ: ಮೆಷಿನ್ ನಿಂತಿರುವಾಗ ಪ್ಲಗ್ಗಿನಲ್ಲಿ 225 ಸಿಕ್ಕಿತು, ವೈರಿಂಗ್ ಸರಿಯಾಗಿದೆ ಎಂದು ತೀರ್ಮಾನಿಸುವುದು. ಕರೆಂಟು ಹರಿಯದಿದ್ದಾಗ ಕೊಳೆತ ಜಾಯಿಂಟೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅಳೆಯಬೇಕಾದದ್ದು ಲೋಡ್ ಇರುವಾಗ.

ಅದಕ್ಕೆ ಮೋಟಾರಿಗಿಂತ 2000 ವಾಟಿನ ರೂಮ್ ಹೀಟರ್ ಒಳ್ಳೆಯದು. ಅದು ಏರಿಳಿತವಿಲ್ಲದೆ ಸುಮಾರು 8 ಆಂಪ್ ಎಳೆಯುತ್ತದೆ. ಅದನ್ನು ಶೆಡ್ಡಿನ ಕೊನೆಯ ಪ್ಲಗ್ಗಿಗೆ ಹಾಕಿ, ಮನೆಯ ಡಿಬಿಯಲ್ಲಿ ಒಂದು ಓದು, ಶೆಡ್ಡಿನಲ್ಲಿ ಒಂದು ಓದು ಏಕಕಾಲಕ್ಕೆ ತೆಗೆದುಕೊಳ್ಳಿ. 2.5ರ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿಬರುವ ದಾರಿ 70 ಮೀಟರ್, ಅಂದರೆ 0.52 ಓಮ್. 8 ಆಂಪಿಗೆ ಸುಮಾರು 4 ವೋಲ್ಟ್ ಇಳಿಯಬೇಕು. ನಾಲ್ಕೈದು ಇಳಿದರೆ ಜಾಯಿಂಟುಗಳು ಸರಿಯಾಗಿವೆ. ಹದಿನೈದು ಇಳಿದರೆ ದಾರಿಯಲ್ಲಿ ಎಲ್ಲಿಯೋ ಒಂದು ಓಮಿಗೂ ಹೆಚ್ಚಿನ ತಡೆ ಅಡಗಿ ಕೂತಿದೆ.

ಅಡಗಿರುವುದು ಫೇಸ್‌ನಲ್ಲೋ ನ್ಯೂಟ್ರಲ್‌ನಲ್ಲೋ? ಅರ್ಥ್ ವೈರು ಮನೆಯಿಂದಲೇ ಬಂದಿದ್ದರೆ ಇದನ್ನೂ ಕೂತಲ್ಲೇ ಹೇಳಬಹುದು. ಶೆಡ್ಡಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಇಟ್ಟು, ಹೀಟರ್ ಆಫ್ ಇದ್ದಾಗ ಒಂದು ಸಲ, ಆನ್ ಇದ್ದಾಗ ಒಂದು ಸಲ ಓದಿ. ಎರಡರ ವ್ಯತ್ಯಾಸ ಒಟ್ಟು ಇಳಿತದ ಅರ್ಧದಷ್ಟು, ಅಂದರೆ ಎರಡು ವೋಲ್ಟಿನ ಆಸುಪಾಸು ಇರಬೇಕು. ಹನ್ನೆರಡು ಬಂದರೆ ಕೆಟ್ಟ ಜಾಯಿಂಟ್ ನ್ಯೂಟ್ರಲ್‌ನದು. ಎರಡೇ ಬಂದು ಒಟ್ಟು ಇಳಿತ ಹದಿನೈದಿದ್ದರೆ ಫೇಸ್‌ನದು. ವ್ಯತ್ಯಾಸವೇ ಇಲ್ಲದೆ ಸೊನ್ನೆ ತೋರಿಸಿದರೆ ಖುಷಿಪಡಬೇಡಿ: ಶೆಡ್ಡಿನಲ್ಲಿ ಯಾರೋ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿರುವ ಸಾಧ್ಯತೆ ಇದೆ. ಅದರ ವಿಚಾರ ಮುಂದೆ ಬರುತ್ತದೆ.

ನಂತರ ಕಾಗದದ ಚುಕ್ಕೆಗಳ ಮೇಲೆ ನಡೆಯಿರಿ. ಹೀಟರ್ ಉರಿಯುತ್ತಿರುವಾಗಲೇ ಪ್ರತಿ ಜಾಯಿಂಟಿನ ಈಚೆ ಆಚೆ ಮೀಟರ್ ಕಡ್ಡಿ ಇಟ್ಟರೆ ಒಳ್ಳೆಯ ಜಾಯಿಂಟ್ ಕೆಲವೇ ಮಿಲಿವೋಲ್ಟ್ ತೋರಿಸುತ್ತದೆ, ಕೆಟ್ಟದ್ದು ವೋಲ್ಟುಗಳನ್ನೇ ತೋರಿಸುತ್ತದೆ. ಮೀಟರಿಗಿಂತ ಮೊದಲು ಕೆಲವೊಮ್ಮೆ ಮೂಗೇ ಹೇಳುತ್ತದೆ. ಅರ್ಧ ಓಮಿನ ಜಾಯಿಂಟಿನಲ್ಲಿ 15 ಆಂಪ್ ಹರಿದರೆ 112 ವಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವಾಟಿನದು. ಅಂಥ ನಾಲ್ಕು ಐರನ್ನುಗಳು ಪಿವಿಸಿ ಟೇಪಿನೊಳಗೆ ಸುತ್ತಿಟ್ಟಂತೆ. ಟೇಪು ಕಂದು ಬಣ್ಣಕ್ಕೆ ತಿರುಗಿರುವುದು, ಸ್ಕ್ರೂ ಸುತ್ತ ಪ್ಲಾಸ್ಟಿಕ್ ಉಬ್ಬಿರುವುದು ಇದ್ದರೆ ಅದೇ ಜಾಗ. ಅಲ್ಯೂಮಿನಿಯಮ್ ಕೇಬಲ್ಲನ್ನು ತಾಮ್ರದ ವೈರಿಗೆ ಕೈಯಲ್ಲಿ ತಿರುಚಿ ಟೇಪು ಸುತ್ತಿದ ಜಾಯಿಂಟ್ ಮಲೆನಾಡಿನ ಮಳೆಯಲ್ಲಿ ಬಹಳ ಕಾಲ ಬಾಳುವುದಿಲ್ಲ; ಎರಡು ಲೋಹಗಳ ನಡುವೆ ತೇವ ಸೇರಿದರೆ ಬಿಳಿ ಪುಡಿ ಹುಟ್ಟಿ ಸಂಪರ್ಕ ತಿನ್ನುತ್ತದೆ. ಅಲ್ಲಿ ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದುವ ತುದಿಕೊಂಡಿ) ಒತ್ತಿ ಕೂರಿಸಿ, ಪೆಟ್ಟಿಗೆಯೊಳಗೆ ಬೋಲ್ಟ್ ಹಾಕಿ ಬಿಗಿಯಬೇಕು.

ಜಾಯಿಂಟೆಲ್ಲ ಸರಿ ಇದ್ದೂ ಮೋಟಾರು ಏಳುತ್ತಿಲ್ಲ ಎಂದರೆ ವೈರೇ ಸಣ್ಣದು. 60 ಆಂಪ್ ಎಳೆಯುವ ಕ್ಷಣದಲ್ಲಿ 0.52 ಓಮ್ ವೈರು 31 ವೋಲ್ಟ್ ನುಂಗುತ್ತದೆ. ಸಂಜೆ ಹೊತ್ತು ಡಿಬಿಯಲ್ಲಿ 215 ಇದ್ದರೆ ಮೋಟಾರಿಗೆ ಸಿಗುವುದು 184. ಹೊರಡುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ 230ರಲ್ಲಿ ಇರುವುದರ ಮೂರನೇ ಎರಡು ಭಾಗ ಮಾತ್ರ ಉಳಿಯುತ್ತದೆ. ಮಧ್ಯಾಹ್ನ ಓಡುವ ಕಂಪ್ರೆಸರ್ ಸಂಜೆ ಏಳುಗಂಟೆಗೆ ಮುಷ್ಕರ ಹೂಡುವುದು ಇದಕ್ಕೇ. ಇದನ್ನು ಹೀಗೆಯೇ ಬಿಟ್ಟರೆ ಸ್ಟಾರ್ಟಿಂಗ್ ವೈಂಡಿಂಗ್ ಬಿಡಿಸಿಕೊಳ್ಳುವ ಸ್ವಿಚ್ ತೆರೆಯುವಷ್ಟು ವೇಗ ಬಾರದೆ ವೈಂಡಿಂಗ್ ಸುಟ್ಟುಹೋಗುತ್ತದೆ. 6 ಚದರ ಮಿಲಿಮೀಟರ್ ತಾಮ್ರ ಹಾಕಿದರೆ ಅದೇ ಇಳಿತ 13 ವೋಲ್ಟಿಗೆ ಬರುತ್ತದೆ. 10 ಚದರ ಮಿಲಿಮೀಟರಿನ ಅಲ್ಯೂಮಿನಿಯಮ್ ಆರ್ಮರ್ಡ್ (ಉಕ್ಕಿನ ಕವಚವಿರುವ) ಕೇಬಲ್ಲಿನ ತಡೆಯೂ ಹೆಚ್ಚುಕಡಿಮೆ 6ರ ತಾಮ್ರದಷ್ಟೇ. ನೆಲದಡಿ ಎಳೆಯುವುದಾದರೆ ನಾನು ಅದನ್ನೇ ಆರಿಸುತ್ತೇನೆ, ಕಳ್ಳರಿಗೂ ಅದರ ಮೇಲೆ ಆಸೆ ಕಡಿಮೆ.

ಬೀಳುವುದನ್ನು ತಪ್ಪಿಸಲು ಡಿ ಮಾದರಿಯ ಎಂಸಿಬಿ ಹಾಕಿಕೊಡುವವರೂ ಇದ್ದಾರೆ. ಉದ್ದದ ಸಣ್ಣ ವೈರಿನ ಮೇಲೆ ಅದು ಅಪಾಯ. ಶೆಡ್ಡಿನ ಕೊನೆಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ನೇರ ಶಾರ್ಟ್ ಆದರೂ, ಬೀದಿ ಲೈನಿನ ತಡೆಯೂ ಸೇರಿ ಒಟ್ಟು ಒಂದು ಓಮ್ ಇದ್ದರೆ ಹರಿಯುವುದು 230 ಆಂಪ್. ಸಿ 16 ಹೆಚ್ಚೆಂದರೆ 160ಕ್ಕೆ ತಟ್ಟನೆ ಬೀಳುತ್ತದೆ. ಡಿ 16ಕ್ಕೆ 320ರವರೆಗೂ ಬೇಕಾಗಬಹುದು. ಅದು ಕಾಯುತ್ತಾ ಕೂರುತ್ತದೆ, ವೈರು ಹೊಗೆಯಾಡುತ್ತದೆ.

ಮೋಟಾರಿನ ಟರ್ಮಿನಲ್ಲಿನಲ್ಲಿ ಹೊರಡುವಾಗಲೂ 200ಕ್ಕಿಂತ ಹೆಚ್ಚು ಸಿಗುತ್ತಿದ್ದು, ಶಾಫ್ಟು ಕೈಯಲ್ಲಿ ತಿರುಗುತ್ತಿದ್ದು, ಆದರೂ ಬರೀ ಗುಂಯ್‌ಗುಡುತ್ತಿದ್ದರೆ ಕೆಪಾಸಿಟರ್ ಬದಲಿಸಿ. ಬಿಚ್ಚುವ ಮುನ್ನ ಅದರ ಚಾರ್ಜ್ ಕಳೆಯುವುದನ್ನು ಮರೆಯಬಾರದು.

ಆರ್‌ಸಿಸಿಬಿ ಬೀಳುತ್ತಿದ್ದರೆ

ಇದು ಎಂಸಿಬಿಗಿಂತ ಸೂಕ್ಷ್ಮದ ವಿಚಾರ, ಹಾಗಾಗಿ ಜನರ ಬೈಗುಳ ಹೆಚ್ಚು ತಿನ್ನುವುದೂ ಇದೇ. ಕೆಲವರು ಇದನ್ನು ಕಿತ್ತು ನೇರ ಮಾಡಿಸಿಕೊಳ್ಳುತ್ತಾರೆ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸು ಬರುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ. 30 ಮಿಲಿಆಂಪಿನದು ವ್ಯತ್ಯಾಸ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, 30 ಮುಟ್ಟಿದರೆ ಬೀಳಲೇಬೇಕು. ಅದು ಬಿದ್ದಿತೆಂದರೆ ಕರೆಂಟು ಬೇರೆ ದಾರಿ ಹಿಡಿದಿದೆ ಎಂದರ್ಥ. ಯಾವ ದಾರಿ ಎಂಬುದನ್ನು ಬೀಳುವ ಹೊತ್ತೇ ಹೇಳುತ್ತದೆ.

ಒಂದೇ ಮೆಷಿನ್ ಹಾಕಿದಾಗ ಬಿದ್ದರೆ ಕಷ್ಟವಿಲ್ಲ. ಆ ಮೆಷಿನ್ನಿನ ವೈಂಡಿಂಗ್, ಕಾರ್ಬನ್ ಪುಡಿ ತುಂಬಿದ ಗ್ರೈಂಡರ್, ಸವೆದ ಕೇಬಲ್ ನೋಡಿದರಾಯಿತು. ಮಳೆ ಬಂದ ಮರುದಿನ ಬಿದ್ದು ಬಿಸಿಲು ಕಾದ ಮೇಲೆ ನಿಂತರೆ ನೀರು ಒಳಹೊಕ್ಕಿದೆ. ಹೊರಗೋಡೆಯ ಪ್ಲಗ್ ಪೆಟ್ಟಿಗೆ, ಪೆಟ್ಟಿಗೆಯ ಮೇಲ್ಭಾಗದಿಂದ ಇಳಿಸಿದ ಕೇಬಲ್, ಅಂಗಳದಡಿಯ ಜಾಯಿಂಟ್ ಇವು ಮೂರನ್ನು ಮೊದಲು ನೋಡಿ. ಕೇಬಲ್ ಪೆಟ್ಟಿಗೆಗೆ ಕೆಳಗಿನಿಂದ, ಗ್ಲ್ಯಾಂಡ್ ಮೂಲಕ ಬರಬೇಕು. ಮೇಲಿನಿಂದ ಬಂದರೆ ನೀರಿಗೆ ದಾರಿ ತೋರಿಸಿಕೊಟ್ಟಂತೆ. ಆಳ ಸಾಲದೆ ಪಿವಿಸಿ ವೈರು ಹೂತಿದ್ದರೆ ಹೆಗ್ಗಣದ ಹಲ್ಲೂ ಸಂಶಯಕ್ಕೆ ಅರ್ಹ. ಆರ್ಮರ್ಡ್ ಕೇಬಲ್ಲನ್ನೂ ಸುಮಾರು 75 ಸೆಂಟಿಮೀಟರ್ ಆಳದಲ್ಲಿ ಮರಳಿನ ಹಾಸು, ಮೇಲೆ ಇಟ್ಟಿಗೆ ಇಟ್ಟು ಹೂಳಬೇಕು.

ಇಂಥ ನೀರಿನ ದೋಷ ಮಲ್ಟಿಮೀಟರಿಗೆ ಸಿಕ್ಕದಿರಬಹುದು, ಅದು ಕೆಲವೇ ವೋಲ್ಟಿನಲ್ಲಿ ಅಳೆಯುತ್ತದೆ. ಎರಡೂ ತುದಿ ಬಿಡಿಸಿ 500 ವೋಲ್ಟಿನ ಮೆಗ್ಗರ್ ಹಾಕಿ. ಒಂದು ಮೆಗಾಓಮ್ ಕನಿಷ್ಠ. ಒಳ್ಳೆಯ ಕೇಬಲ್ ನೂರಾರು ತೋರಿಸುತ್ತದೆ. ಒಂದು ಮೆಗಾಓಮಿನಲ್ಲಿ ಸೋರುವುದು ಕಾಲು ಮಿಲಿಆಂಪಿಗೂ ಕಡಿಮೆ. 15 ಕಿಲೋಓಮಿಗೆ ಇಳಿದರೆ 15 ಮಿಲಿಆಂಪ್, ಆರ್‌ಸಿಸಿಬಿಯ ಹೊಸ್ತಿಲು.

ತಲೆ ಕೆಡಿಸುವ ದೋಷ ಮೂರನೆಯದು. ಶೆಡ್ಡಿನಲ್ಲಿ ಏನೂ ಓಡುತ್ತಿಲ್ಲ, ಶೆಡ್ಡಿನ ಎಂಸಿಬಿಯೂ ಇಳಿದಿದೆ. ಮನೆಯಲ್ಲಿ ಗೀಸರ್ ಹಾಕಿದ ತಕ್ಷಣ ಆರ್‌ಸಿಸಿಬಿ ಬೀಳುತ್ತದೆ. ಗೀಸರ್ ಬಿಚ್ಚಿ ಎಲಿಮೆಂಟ್ ಬದಲಿಸುತ್ತಾರೆ, ಮತ್ತೆ ಬೀಳುತ್ತದೆ. ಇದು ಶೆಡ್ಡಿನ ನ್ಯೂಟ್ರಲ್ ಅರ್ಥಿಗೆ ತಾಗಿರುವುದರ ಲಕ್ಷಣ. ಸಿಂಗಲ್ ಪೋಲ್ ಎಂಸಿಬಿ ಇಳಿಸಿದರೆ ಕಡಿಯುವುದು ಫೇಸ್ ಮಾತ್ರ; ಶೆಡ್ಡಿನ ನ್ಯೂಟ್ರಲ್ ಡಿಬಿಯ ನ್ಯೂಟ್ರಲ್ ಪಟ್ಟಿಯಲ್ಲಿ ಹಾಗೆಯೇ ಸೇರಿಕೊಂಡಿರುತ್ತದೆ. ಗೀಸರಿನ ಕರೆಂಟು ನ್ಯೂಟ್ರಲ್‌ನಲ್ಲಿ ಹರಿದಾಗ ನ್ಯೂಟ್ರಲ್‌ಗೆ ಭೂಮಿಗಿಂತ ಎರಡು ವೋಲ್ಟ್ ಬಂದರೂ ಸಾಕು, ಅರ್ಥ್ ದಾರಿಯ ತಡೆ 20 ಓಮ್ ಇದ್ದರೆ 100 ಮಿಲಿಆಂಪ್ ಅತ್ತ ಸೋರುತ್ತದೆ. ಗೀಸರ್ ನಿರಪರಾಧಿ.

ಪತ್ತೆಗೆ ಅರ್ಧರ್ಧ ಮಾಡುತ್ತಾ ಹೋಗಬೇಕು. ಮೈನ್ ಇಳಿಸಿ, ಡಿಬಿಯಲ್ಲಿ ಶೆಡ್ಡಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬಿಡಿಸಿ ತುದಿ ಮುಚ್ಚಿ, ಮನೆಯ ಲೋಡ್ ಹಾಕಿ. ಆರ್‌ಸಿಸಿಬಿ ಬೀಳದೆ ನಿಂತರೆ ದೋಷ ಶೆಡ್ಡಿನ ಕಡೆಯದು. ಮತ್ತೆ ಸೇರಿಸಿ, ಶೆಡ್ಡಿನ ಬೋರ್ಡಿನ ಡಬಲ್ ಪೋಲ್ ಐಸೊಲೇಟರ್ (ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಸ್ವಿಚ್) ಇಳಿಸಿ ನೋಡಿ. ಈಗಲೂ ಬಿದ್ದರೆ ನಡುವಿನ ಕೇಬಲ್, ನಿಂತರೆ ಶೆಡ್ಡಿನ ಒಳಗಿನದು. ಐಸೊಲೇಟರೇ ಇಲ್ಲದ ಶೆಡ್ಡಿನಲ್ಲಿ ಈ ಪ್ರಶ್ನೆಗೆ ಉತ್ತರ ಪಡೆಯಲು ಸ್ಕ್ರೂಡ್ರೈವರ್ ಹಿಡಿದು ಅರ್ಧ ದಿನ ಕಳೆಯಬೇಕು. ಇದಕ್ಕೋಸ್ಕರವಾದರೂ ಒಂದನ್ನು ಹಾಕಿಸಿ. ಶೆಡ್ಡಿನ ಒಳಗೆ ಬಂದ ಮೇಲೆ ಎಲ್ಲ ಪ್ಲಗ್ಗುಗಳನ್ನು ಕಿತ್ತು ಹೊರಗಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗಿನ ಸ್ವಿಚ್ಚೂ ಫೇಸನ್ನಷ್ಟೇ ಕಡಿಯುತ್ತದೆ. ಒಂದೊಂದಾಗಿ ಚುಚ್ಚುತ್ತಾ ಬಂದರೆ ಅಪರಾಧಿ ತಾನಾಗಿಯೇ ಸಿಗುತ್ತದೆ. ಯಾವುದೂ ಚುಚ್ಚದೆಯೇ ಬೀಳುತ್ತಿದ್ದರೆ ಸ್ವಿಚ್ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿ: ಸ್ಕ್ರೂ ಕೆಳಗೆ ಒತ್ತಿ ಹರಿದ ಕಪ್ಪು ವೈರು, ಇರುವೆ ಗೂಡು, ಸತ್ತ ಹಲ್ಲಿ, ಅಥವಾ ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಯಾರೋ “ಭದ್ರತೆಗೆ” ಹಾಕಿದ ತುಂಡು ವೈರು.

ಇನ್ನೊಂದು ಬಗೆ, ಎರವಲು ನ್ಯೂಟ್ರಲ್. ಅಂಗಳದ ದೀಪಕ್ಕೆ ಫೇಸ್ ಶೆಡ್ಡಿನಿಂದ, ನ್ಯೂಟ್ರಲ್ ಹತ್ತಿರವಿತ್ತೆಂದು ಮನೆಯ ಬೇರೆ ಸರ್ಕ್ಯೂಟಿನಿಂದ. ಶೆಡ್ಡಿಗೆ ಪ್ರತ್ಯೇಕ ಆರ್‌ಸಿಸಿಬಿ ಹಾಕಿದ ದಿನದಿಂದ ಈ ದೀಪ ಹಾಕಿದರೆ ಸಾಕು ಬೀಳುತ್ತದೆ, ಹೋದ ಕರೆಂಟು ಅದರ ಮೂಲಕ ವಾಪಸು ಬರುವುದೇ ಇಲ್ಲವಲ್ಲ. ಶೆಡ್ಡಿನ ಒಂದು ದೀಪವನ್ನು ಮನೆಯ ಇನ್ವರ್ಟರ್ ಲೈನಿಗೆ ಸೇರಿಸಿ, ನ್ಯೂಟ್ರಲ್ ಮಾತ್ರ ಶೆಡ್ಡಿನದನ್ನೇ ಬಳಸಿದ್ದರೂ ಇದೇ ಗತಿ.

ಯಾವ ಒಂದು ಮೆಷಿನ್ನೂ ಬೀಳಿಸುವುದಿಲ್ಲ, ಎಲ್ಲ ಒಟ್ಟಿಗೆ ಇದ್ದಾಗ ಅಪರೂಪಕ್ಕೆ ಬೀಳುತ್ತದೆ ಎಂದರೆ ಸಣ್ಣ ಸೋರಿಕೆಗಳು ಕೂಡಿಕೊಂಡಿವೆ. ಇನ್ವರ್ಟರ್ ವೆಲ್ಡಿಂಗ್ ಮೆಷಿನ್, ಕಂಪ್ಯೂಟರ್, ಎಲ್‌ಇಡಿ ಡ್ರೈವರ್ ಇವುಗಳ ಒಳಗಿನ ಫಿಲ್ಟರುಗಳು ಸಹಜವಾಗಿಯೇ ಒಂದಿಷ್ಟು ಕರೆಂಟನ್ನು ಅರ್ಥಿಗೆ ಬಿಡುತ್ತವೆ. ಮನೆ, ಶೆಡ್ಡು ಎಲ್ಲಕ್ಕೂ ಒಂದೇ 30 ಮಿಲಿಆಂಪಿನದು ಇದ್ದರೆ ಹೊರೆ ಹೆಚ್ಚಾಗುತ್ತದೆ, ಶೆಡ್ಡಿನ ದೋಷಕ್ಕೆ ಮನೆಯ ಫ್ರಿಜ್ ಕೂಡ ಆರುತ್ತದೆ. ಶೆಡ್ಡಿನ ಕೇಬಲ್ಲನ್ನು ಮನೆಯ ಆರ್‌ಸಿಸಿಬಿಗಿಂತ ಮೊದಲು ತೆಗೆದು, ಅಲ್ಲಿ ತಡವಾಗಿ ಬೀಳುವ 100 ಮಿಲಿಆಂಪಿನ ಎಸ್ ಮಾದರಿ, ಶೆಡ್ಡಿನಲ್ಲಿ 30 ಮಿಲಿಆಂಪಿನದು ಹಾಕುವುದು ಸರಿಯಾದ ಏರ್ಪಾಡು.

ಮೆಷಿನ್ ಮುಟ್ಟಿದರೆ ಜುಮ್ಮೆನ್ನುತ್ತದೆ

ಇಲ್ಲಿ ಪರೀಕ್ಷೆಗಿಂತ ಮೊದಲು ಮೈನ್ ಇಳಿಸುವುದು. ಜುಮ್ಮೆನ್ನುತ್ತಿದೆ ಎಂದರೆ ಎರಡು ತಪ್ಪು ಕೂಡಿವೆ: ಒಳಗೆ ಸೋರಿಕೆ ಇದೆ, ಮತ್ತು ಅದನ್ನು ಒಯ್ಯಬೇಕಾದ ಅರ್ಥ್ ಇಲ್ಲ.

ಅರ್ಥ್ ಗುಂಡಿ ಚೆನ್ನಾಗಿದ್ದರೆ ಎಂಸಿಬಿ ಬೀಳುತ್ತದಲ್ಲ ಎಂಬ ನಂಬಿಕೆ ವ್ಯಾಪಕ. ಲೆಕ್ಕ ಹಾಗೆ ಹೇಳುವುದಿಲ್ಲ. ಗುಂಡಿಯ ತಡೆ 5 ಓಮ್ ಎಂದು ಇಟ್ಟುಕೊಂಡರೂ ಫೇಸ್ ಬಾಡಿಗೆ ತಾಗಿದಾಗ ಹರಿಯುವುದು 46 ಆಂಪಿಗಿಂತ ಕಡಿಮೆ. 20 ಆಂಪಿನ ಸಿ ಎಂಸಿಬಿ ತಟ್ಟನೆ ಬೀಳಲು 100ರಿಂದ 200 ಬೇಕು. ಅದು ಬಿಸಿಯಾಗಿ ಬೀಳುವವರೆಗೆ ಮೆಷಿನ್ನಿನ ಮೈಯಲ್ಲಿ ಕೊಲ್ಲುವಷ್ಟು ವೋಲ್ಟೇಜ್ ನಿಂತಿರುತ್ತದೆ. ಗುಂಡಿ 100 ಓಮಿನಷ್ಟು ಕೆಟ್ಟದಿದ್ದರೂ 2.3 ಆಂಪ್ ಹರಿಯುತ್ತದೆ. ಎಂಸಿಬಿಗೆ ಅದು ಲೆಕ್ಕಕ್ಕಿಲ್ಲ, 30 ಮಿಲಿಆಂಪಿನ ಆರ್‌ಸಿಸಿಬಿಗೆ ಬೇಕಾದ್ದಕ್ಕಿಂತ ಎಪ್ಪತ್ತು ಪಟ್ಟು ಹೆಚ್ಚು. ಸ್ವಂತ ಗುಂಡಿಯ ಮನೆಗಳಲ್ಲಿ ಆರ್‌ಸಿಸಿಬಿ ಕಿತ್ತುಹಾಕುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೆ.

ಫೇಸಿಗೂ ಅರ್ಥಿಗೂ ನಡುವೆ ನೂರು ವಾಟಿನ ಬಲ್ಬು ಉರಿಸಿ ಅರ್ಥ್ ಪರೀಕ್ಷೆ ಮಾಡುವ ಹಳೆಯ ರೂಢಿ ಬಿಟ್ಟುಬಿಡಿ. ಅರ್ಥ್ ವೈರು ಎಲ್ಲಿಯಾದರೂ ಕಡಿದಿದ್ದರೆ ಆ ಬಲ್ಬಿನ ಮೂಲಕ ಶೆಡ್ಡಿನ ಎಲ್ಲ ಮೆಷಿನ್ನುಗಳ ಮೈಗೂ ಕರೆಂಟು ಹೋಗುತ್ತದೆ. ಮೈನ್ ಇಳಿಸಿ, ಮೆಷಿನ್ನಿನ ಮೈಯಿಂದ ಪ್ಲಗ್ಗಿನ ದಪ್ಪ ಪಿನ್ನಿಗೆ, ಸಾಕೆಟ್ಟಿನ ದಪ್ಪ ತೂತಿನಿಂದ ಅರ್ಥ್ ಪಟ್ಟಿಗೆ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ. ಗುಂಡಿಯ ತಡೆಯನ್ನು ಅರ್ಥ್ ಟೆಸ್ಟರ್ ಇರುವವರಿಂದ ಅಳೆಸಿ, ಅದೂ ಏಪ್ರಿಲ್‌ನಲ್ಲಿ. ಜಂಬಿಟ್ಟಿಗೆ ನೆಲದಲ್ಲಿ ಮಳೆಗಾಲದ ಓದು ಬೇಸಿಗೆಯಲ್ಲಿ ನಿಲ್ಲುವುದಿಲ್ಲ. ಶೆಡ್ಡಿಗೆ ಬೇರೆ ಗುಂಡಿ ತೋಡಿದರೆ ಒಳ್ಳೆಯದೇ, ಆದರೆ ಮನೆಯಿಂದ ಬಂದ ಅರ್ಥ್ ವೈರಿಗೆ ಅದನ್ನು ಸೇರಿಸಬೇಕು, ಅದರ ಬದಲಿಗಲ್ಲ.

ಟೆಸ್ಟರ್ ಉರಿಯುತ್ತದೆ, ಏನೂ ಓಡುವುದಿಲ್ಲ

ಸಾಕೆಟ್ಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಉರಿದರೆ ನ್ಯೂಟ್ರಲ್ ಕಡಿದಿದೆ. ಎಲ್ಲಿಯೋ ಹಾಕಿರುವ ದೀಪದ ಮೂಲಕ ಫೇಸ್ ಸುತ್ತಿ ಬಂದು ನ್ಯೂಟ್ರಲ್ ವೈರಿನಲ್ಲಿ ಕಾಣಿಸಿಕೊಳ್ಳುತ್ತಿದೆ. ಆ ವೈರನ್ನು ಕಪ್ಪೆಂದು ನಂಬಿ ಮುಟ್ಟಬೇಡಿ. ಈ ಹೊತ್ತಿನಲ್ಲಿ ಅರ್ಥನ್ನೇ ನ್ಯೂಟ್ರಲ್ ಮಾಡಿ “ಸದ್ಯಕ್ಕೆ” ದೀಪ ಉರಿಸಿಕೊಡುವ ಚಾಲಾಕಿ ಒಂದಿದೆ. ಬೇಸಿಗೆಯಲ್ಲಿ ಗುಂಡಿ ಒಣಗಿದ ದಿನ ಶೆಡ್ಡಿನ ಕಬ್ಬಿಣವೆಲ್ಲ ಫೇಸ್ ಆಗುತ್ತದೆ.

ತ್ರೀ ಫೇಸ್ ಮನೆಯಲ್ಲಿ ಒಂದು ಕಡೆ ದೀಪ ಮಂಕಾಗಿ ಇನ್ನೊಂದು ಕಡೆ ಕಣ್ಣು ಕುಕ್ಕುವಷ್ಟು ಬೆಳಗಿದರೆ ಮುಖ್ಯ ನ್ಯೂಟ್ರಲ್ ಹೋಗಿದೆ. ಹುಡುಕುತ್ತಾ ನಿಲ್ಲದೆ ಮೈನ್ ಇಳಿಸಿ. ಹಗುರ ಲೋಡಿನ ಕಡೆಗೆ 300 ವೋಲ್ಟಿಗೂ ಮೀರಿ ಹೋಗುತ್ತದೆ, ಟಿವಿ, ಫ್ರಿಜ್ ಎರಡೂ ಕ್ಷಣದಲ್ಲಿ ಸುಡುತ್ತವೆ.

ವೆಲ್ಡಿಂಗ್ ಮೆಷಿನ್ ಮತ್ತು ಕರಗಿದ ಪ್ಲಗ್

ಸಣ್ಣ ಇನ್ವರ್ಟರ್ ಮೆಷಿನ್ನಿನಲ್ಲಿ 80 ಆಂಪಿನಲ್ಲಿ ವೆಲ್ಡ್ ಮಾಡುವಾಗ ಸಾಕೆಟ್ಟಿನಿಂದ ಸುಮಾರು 14 ಆಂಪ್ ಹೋಗುತ್ತದೆ, 120ಕ್ಕೆ ಏರಿಸಿದರೆ ಇಪ್ಪತ್ತನ್ನು ದಾಟುತ್ತದೆ. 16 ಆಂಪಿನ ಪ್ಲಗ್ಗಿನ ಪಿನ್ನು ಕಪ್ಪಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. 32 ಆಂಪಿನ ಇಂಡಸ್ಟ್ರಿಯಲ್ ಸಾಕೆಟ್, ಅದಕ್ಕೇ ಪ್ರತ್ಯೇಕ 6 ಚದರ ಮಿಲಿಮೀಟರ್ ವೈರು ಬೇಕು. ಸುರುಳಿ ಬಿಚ್ಚದ ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ವೆಲ್ಡ್ ಮಾಡಿದರೆ ಸುರುಳಿಯ ನಡುವಿನ ವೈರು ಬೆಂದು ಅಂಟಿಕೊಳ್ಳುತ್ತದೆ. ಮನೆಗೆ ಮಂಜೂರಾದ ಲೋಡ್ 3 ಕಿಲೋವಾಟ್ ಇದ್ದರೆ ಅದು ಒಟ್ಟು 13 ಆಂಪ್ ಎಂಬುದೂ ನೆನಪಿರಲಿ. ಲೋಡ್ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಬೇಕು. ಹಣ ಪಡೆದು ಬೇರೆಯವರ ಕೆಲಸ ಮಾಡುವುದಾದರೆ ಗೃಹಬಳಕೆಯ ಮೀಟರಿನಲ್ಲಿ ಮಾಡುವಂತಿಲ್ಲ. ಗೃಹಜ್ಯೋತಿಯಲ್ಲಿರುವ ಮನೆಯವರು ತಿಂಗಳ 200 ಯೂನಿಟ್ಟಿನ ಗೆರೆಯ ಮೇಲೂ ಒಂದು ಕಣ್ಣಿಡುವುದು ಒಳ್ಳೆಯದು.

ದೋಷ ಮೀಟರಿನ ಆಚೆ ಇದ್ದಾಗ

ಶೆಡ್ಡಿನ ಇಳಿತವೆಲ್ಲ ಲೆಕ್ಕಕ್ಕೆ ಸರಿ ಬಂದು, ಡಿಬಿಯಲ್ಲೇ ಹೀಟರ್ ಹಾಕಿದ ಕೂಡಲೇ 220ರಿಂದ 200ಕ್ಕೆ ಜಾರುತ್ತಿದ್ದರೆ ನಿಮ್ಮ ವೈರಿಂಗನ್ನು ಬಿಟ್ಟುಬಿಡಿ. ಮೀಟರಿನ ಟರ್ಮಿನಲ್, ಕಂಬದಿಂದ ಬರುವ ಸರ್ವೀಸ್ ವೈರು, ಕಂಬದ ಮೇಲಿನ ತಿರುಚು ಜಾಯಿಂಟ್ ಇವುಗಳಲ್ಲೊಂದು ಸಡಿಲವಾಗಿದೆ. ಮೀಟರಿನ ಸೀಲ್ ಒಡೆಯುವ ಅಧಿಕಾರ ನಿಮಗೂ ಇಲ್ಲ, ನಿಮ್ಮ ಎಲೆಕ್ಟ್ರಿಷಿಯನ್‌ಗೂ ಇಲ್ಲ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. “ವೋಲ್ಟೇಜ್ ಕಡಿಮೆ” ಎಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಹೆಚ್ಚಿದೆ ಎಂಬ ಉತ್ತರ ಬರುತ್ತದೆ. ಲೋಡ್ ಇಲ್ಲದಾಗ ಇಷ್ಟು, 8 ಆಂಪ್ ಲೋಡ್ ಹಾಕಿದಾಗ ಇಷ್ಟು, ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ಇಷ್ಟು ಎಂದು ಮೂರು ಓದುಗಳನ್ನು ಬರೆದುಕೊಟ್ಟರೆ ಲೈನ್‌ಮ್ಯಾನ್ ನಿಮ್ಮ ಕಂಬಕ್ಕೇ ಏಣಿ ಹಾಕುತ್ತಾನೆ.